ಗಬ್ಬೂರಿನ ಶೆಡ್ಡಿನಲ್ಲೊಂದು ಕಡಲಹಸು

ಬೈಪಾಸಿನ ಲಾರಿಗಳ ಸದ್ದಿನಲ್ಲೇ ಗಬ್ಬೂರಿಗೆ ಬೆಳಗಾಗುತ್ತಿದೆ. ತಗಡಿನ ಶೆಡ್ಡಿನಲ್ಲಿ ಮದೀನಾಬಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕರಣೆ ಹಿಡಿದು, ತಾವೇ ಕಟ್ಟಿದ ಸಿಮೆಂಟಿನ ಪ್ರಾಣಿಯ ಮುಂದೆ ಪೆಚ್ಚಾಗಿ ನಿಂತಿದ್ದಾರೆ. ಮೈ ಎಮ್ಮೆಯದು, ಬಾಲ ಮೀನಿನದು, ಹಿಂಗಾಲುಗಳ ಪತ್ತೆಯೇ ಇಲ್ಲ.

"ಇದು ದನಾನೋ ಮೀನೋ, ನನಗ ಇನ್ನೂ ತಿಳಿವಲ್ದರಿ," ಎನ್ನುತ್ತಾರೆ.

ಇದು ಮ್ಯಾನಟಿ, ಅಂದರೆ ಕಡಲಹಸು. ಗೋಪನಕೊಪ್ಪದ ಶಾಲೆಯೊಂದರ ಅಂಗಳಕ್ಕೆ ಹೋಗಬೇಕಾದ ತಾಯಿ ಮತ್ತು ಮರಿ. ಮಕ್ಕಳು ಹತ್ತಿ ಕೂರುವ ಆನೆ, ಜಿರಾಫೆಗಳನ್ನು ಮದೀನಾಬಿ ವರ್ಷಗಟ್ಟಲೆ ಕಟ್ಟಿದ್ದಾರೆ. ಆದರೆ ಎಲ್ಲದರ ಮೇಲೂ ಇರುವುದು ಗಂಡ ಕಮರುದ್ದೀನರ ಹೆಸರು. ಈಗ ಗಂಡನಿಗೆ ಕೆಲಸ ಆಗುವುದಿಲ್ಲ, ಇದನ್ನು ಮದೀನಾಬಿ ಒಬ್ಬರೇ ಕಟ್ಟಿದ್ದಾರೆ. ಈ ಪ್ರಾಣಿಯನ್ನು ಶಾಲೆ ಒಪ್ಪಿದರೆ ಮೊದಲ ಸಲ ಹೆಂಡತಿಯ ಹೆಸರು ಬೀಳುತ್ತದೆ. ಒಪ್ಪದಿದ್ದರೆ ಕೆಲಸ ಬೇರೆಯವರ ಪಾಲು.

ಶಾಲೆಯ ಟೀಚರ್ ಪೂನಮ್ ಪ್ರಾಣಿಯ ದಿನಚರಿ ಹೇಳಿದ ಮೇಲಂತೂ ಮದೀನಾಬಿಯ ಗೊಂದಲ ಇನ್ನೂ ಹೆಚ್ಚಿತು. ಗಂಟೆಗಟ್ಟಲೆ ನೀರಹುಲ್ಲು ಮೇಯುತ್ತದೆ, ಮಲಗುತ್ತದೆ, ನಿದ್ದೆಯಲ್ಲೂ ಉಸಿರಿಗೆಂದು ಮೇಲೆ ಬರುತ್ತದೆ. ಗುಂಪಿಗೆ ಯಜಮಾನನಿಲ್ಲ. ಎದುರಾದಾಗ ಮೂತಿಗೆ ಮೂತಿ ತಾಗಿಸಿ, ಒಂದಿಷ್ಟು ಆಡಿ, ತಮ್ಮ ಪಾಡಿಗೆ ಹೋಗುತ್ತವೆ.

"ಹಿರೇತನಾ ಇಲ್ಲ, ಜಗಳಾನೂ ಇಲ್ಲ. ಹಂಗಾರ ಸಂಸಾರ ಹೆಂಗ ನಡೀತದರಿ?"

ಮದೀನಾಬಿ ಕೆಲಗೇರಿ ಕೆರೆಯಲ್ಲಿ ಎಮ್ಮೆ ತೊಳೆಯುತ್ತ ಬೆಳೆದವರು. ಶಾಲೆಯವರು ಕೊಟ್ಟ ಚಿತ್ರದಲ್ಲಿ ಹಾಲು ಕುಡಿಯುವ ಮರಿ ತಾಯಿಯ ತೋಳಿನ ಸಂದಿಯಲ್ಲಿತ್ತು. ಚಿತ್ರ ಬರೆದವನಿಗೆ ದನಕರುಗಳ ಗಂಧವೇ ಇಲ್ಲವೆಂದುಕೊಂಡು, ಮರಿಯನ್ನು ಬಾಲದ ಕಡೆ ಕೂರಿಸಿಬಿಟ್ಟರು!

ಮೊನ್ನೆ ನೋಡಲು ಬಂದ ಪೂನಮ್ ಹೌಹಾರಿದರು. "ಕಾಕಿ, ಇದಕ್ಕ ಮಲಿ ಬಗಲಾಗ ಇರ್ತಾವ್ರಿ. ಹಿಂಗಿದ್ರ ಸಾಲ್ಯಾಗ ಒಪ್ಪಂಗಿಲ್ಲ."

ಮದೀನಾಬಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಬಗಲಲ್ಲಿ ಕೆಚ್ಚಲೇ? ಆಮೇಲೆ ಮಗಳನ್ನು ಸಾಕಿದ್ದು ನೆನಪಾಯಿತು.

"ನಾನೂ ಕೂಸಿನ್ನ ಬಗಲಾಗ ಅವಚಿಕೊಂಡ ಹಾಲು ಕುಡಿಸೇನಲ್ಲರಿ. ಎಮ್ಮಿ ಎಮ್ಮಿ ಅಂತ ನಾನ ಎಮ್ಮಿ ಆಗಿದ್ದೆ!"

ನಿನ್ನೆಯಿಡೀ ಉಳಿ ಹಿಡಿದು ಮರಿಯನ್ನು ಬಿಡಿಸಿ ತಾಯಿಯ ತೋಳಿನಡಿ ಸೇರಿಸಿದ್ದಾರೆ. ಕಿತ್ತ ಜಾಗಕ್ಕೆ ಈಗ ಸಿಮೆಂಟು ಮೆತ್ತುತ್ತಿದ್ದಾರೆ. ಶಾಲೆಗೆ ಹೋಗುವ ದಾರಿಯಲ್ಲಿ ಪೂನಮ್ ಸ್ಕೂಟರಿನಿಂದ ಇಳಿದು, ಪ್ರಾಣಿಗೆ ಒಂದು ಸುತ್ತು ಬಂದು ನೋಡಿ, ಮರಿಯ ಬೆನ್ನು ಸವರುತ್ತಾರೆ. "ಛಲೋ ಆತು ಕಾಕಿ. ಕಳಸ್ರಿ. ಹೆಸರು ಮುಂದ ಕಾಣೋಹಂಗ ಹಾಕ್ರಿ."

ಮದೀನಾಬಿ ಮುಂದಕ್ಕೆ ಹೋಗುವುದಿಲ್ಲ. ಒಂದು ಮೊಳೆ ತೆಗೆದುಕೊಂಡು ಬಾಲದ ಹತ್ತಿರದ ಹಸಿ ತೇಪೆಯೆದುರು ಕುಕ್ಕರಗಾಲಿನಲ್ಲಿ ಕೂರುತ್ತಾರೆ.

"ಇಲ್ಲೇ ಬರೀತೇನ್ರಿ. ತಪ್ಪಿದ್ದೂ ನಾನ, ತಿದ್ದಿದ್ದೂ ನಾನ. ಇದರಾಗ ನಮ್ಮನಿಯವರದೇನೂ ಇಲ್ಲ."