ನಾಲ್ಕು ಪಾಲು, ಐದು ಗಾಳ

ಬೇಟೆಯ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಅವರು ಕೊಟ್ಟದ್ದಲ್ಲ, ನಾನೇ ಕದ್ದುಕೊಂಡದ್ದು. ಕಾರ್ಕಳದ ಹತ್ತಿರದ ನಮ್ಮೂರಿನಲ್ಲಿ ಅವರು ಹಂದಿ ಹೊಡೆಯಲು ಗುಡ್ಡೆಗೆ ಹೊರಟರೆ ಅಣ್ಣಂದಿರು ಹಿಂದೆಯೇ ಓಡುತ್ತಿದ್ದರು. ಕಾನೂನು ಅಂತ ಒಂದಿದೆ ಎಂದು ಆಗ ಅಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ನಾನು ಓಡಿದರೆ ಮಾತ್ರ, "ಹೆಣ್ಣು ಹುಡುಗಿಗೆ ಗುಡ್ಡೆಯಲ್ಲಿ ಎಂತ ಕೆಲಸ?" ಎಂದು ಅಮ್ಮ ಜಡೆ ಹಿಡಿದು ಎಳೆದು ತರುತ್ತಿದ್ದಳು.

ನನಗೆ ಸಿಗುತ್ತಿದ್ದದ್ದು ಸಂಜೆ ಪಾಲು ಹಾಕುವುದನ್ನು ನೋಡುವ ಭಾಗ್ಯ ಒಂದೇ. ಬಾಳೆಲೆಯ ಮೇಲೆ ಮಾಂಸವನ್ನು ಗುಪ್ಪೆ ಗುಪ್ಪೆಯಾಗಿ ಇಡುತ್ತಿದ್ದರು. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬ ಒಂದು ಗುಪ್ಪೆ ಮುಟ್ಟಿ "ಇದು ಯಾರಿಗೆ?" ಎಂದು ಕೇಳಿದರೆ, ಅವನು ನೋಡದೆಯೇ ಒಂದು ಹೆಸರು ಕೂಗುತ್ತಿದ್ದ. ದೊಡ್ಡ ತುಂಡು ಯಾರಿಗೆ ಹೋಯಿತೆಂದು ಜಗಳವಾಡುವಂತಿರಲಿಲ್ಲ. ಹಂದಿಯನ್ನು ಅಡ್ಡಗಟ್ಟಿದ ನಾಯಿಗೂ ಅಲ್ಲಿ ಒಂದು ಗುಪ್ಪೆ ಇರುತ್ತಿತ್ತು.

ಮದುವೆಯಾಗಿ ಮಸ್ಕತ್‌ಗೆ ಬಂದೆ. ಮನೆ ಮವಾಲೇಹ್‌ನಲ್ಲಿ, ಗಂಡನ ಕೆಲಸ ರುಸೈಲ್‌ನ ಒಂದು ಫ್ಯಾಕ್ಟರಿಯಲ್ಲಿ. ಪ್ರತಿ ಶುಕ್ರವಾರ ಬೆಳಕು ಹರಿಯುವಾಗ ಅವರೂ ಮೂವರು ಸ್ನೇಹಿತರೂ ಗಾಳ ಹಾಕಲು ಹೋಗುತ್ತಿದ್ದರು. ನಾಲ್ವರೂ ಕರಾವಳಿಯವರೇ, ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವವರು: ಕಾಪು, ಪಡುಬಿದ್ರಿ, ಸುರತ್ಕಲ್. ನನ್ನ ಗಂಡ ಮೂಲ್ಕಿ. ನಾನು ಚಾಪೆ, ಫ್ಲಾಸ್ಕಿನ ಚಹಾ, ನೀರುದೋಸೆಗಳ ಜೊತೆ ಹಿಂದಿನ ಸೀಟಿನಲ್ಲಿ ಕೂರುವ ಮೂಲ್ಕಿಯ ಹೆಂಡತಿ. ಉಳಿದವರ ಹೆಂಡತಿಯರು ಬಿಸಿಲಿಗೆ ಹೆದರಿ ಒಂದೆರಡು ಸಲಕ್ಕೇ ಕೈಮುಗಿದಿದ್ದರು.

ಅಮೇರಾತ್ ದಾಟಿ, ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಗಳ ನಡುವೆ ಸಾಗಿ ಕೆಳಗಿಳಿದರೆ ಕಡಲು. ಅಲ್ಲಿನ ಬಂಡೆಯ ಮೇಲೆ ಒಂದು ಶುಕ್ರವಾರ ಗಂಡನಿಗೆ ಮ್ಯಾನೇಜರನ ಫೋನ್ ಬಂತು. "ಹಿಡ್ಕೊ, ಅಲ್ಲಾಡಿಸ್ಬೇಡ" ಎಂದು ಗಾಳದ ರಾಡನ್ನು ನನ್ನ ಕೈಗೆ ತುರುಕಿ ಕಾರಿನತ್ತ ಹೋದರು. ಅಷ್ಟರಲ್ಲಿ ದಾರ ಜಗ್ಗಿತು. ಅಯ್ಯೋ, ಆ ಜಗ್ಗುವಿಕೆ! ಮೊಣಕೈವರೆಗೆ ಜುಮ್ಮೆಂದಿತು. ಪಕ್ಕದ ಬಂಡೆಯಲ್ಲಿದ್ದ ಒಬ್ಬ ಒಮಾನಿ ಮುದುಕ "ಶುವಯ್ಯ, ಶುವಯ್ಯ" ಎಂದು ಕೈ ಆಡಿಸಿ, ನಿಧಾನಕ್ಕೆ ಸುತ್ತು ಎಂದು ತೋರಿಸಿದ. ಗಂಡ ಬರುವಷ್ಟರಲ್ಲಿ ಮೀನು ನನ್ನ ಕಾಲ ಬಳಿ ಬಡಿದಾಡುತ್ತಿತ್ತು. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ನನ್ನದೇ ರಾಡ್ ಕೊಂಡೆ, ನನ್ನದೇ ಹೆಸರಿನಲ್ಲಿ ಗಾಳದ ಪರವಾನಗಿ ಮಾಡಿಸಿದೆ. ಗಾಳಿ ಯಾವ ಕಡೆಯಿಂದ ಬಂದರೆ ನೀರು ಕದಡುತ್ತದೆ, ಯಾವ ಬಂಡೆ ಪಾಚಿ ಹಿಡಿದು ಜಾರುತ್ತದೆ, ಎರೆಗೆ ಹಾಕುವ ಬೊಂಡಾಸಿನ ತುಂಡನ್ನು ಗಾಳದಿಂದ ಜಾರದಂತೆ ಹೇಗೆ ಸಿಕ್ಕಿಸಬೇಕು, ಎಲ್ಲವನ್ನೂ ಬಿದ್ದು, ಗೀರಿಸಿಕೊಂಡು ಕಲಿತೆ. ಮುಖ ಕಪ್ಪಾಯಿತು, ಅಂಗೈ ದೊರಗಾಯಿತು. ಅದಕ್ಕೆಲ್ಲ ನಾನು ಸೊಪ್ಪು ಹಾಕಲಿಲ್ಲ. ವಾರವಿಡೀ ನಾಲ್ಕು ಗೋಡೆಗಳ ನಡುವೆ ಇದ್ದವಳಿಗೆ ಆ ಮೂರು ಗಂಟೆ ಉಸಿರು ಬಿಡುವ ಹೊತ್ತು. ಎರಡು ವರ್ಷದಲ್ಲಿ ಆ ನಾಲ್ವರಿಗಿಂತ ಹೆಚ್ಚು ಮೀನು ನನ್ನ ಗಾಳಕ್ಕೇ ಬೀಳತೊಡಗಿತು.

ಅವರೂ ಊರಿನ ಕ್ರಮದಲ್ಲೇ ಪಾಲು ಹಾಕುತ್ತಿದ್ದರು. ಮರಳ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಗುಪ್ಪೆಗಳು. ಹಿರಿಯನಾದ ಕಾಪು ಬೆನ್ನು ತಿರುಗಿಸಿ ನಿಲ್ಲುವುದು. ಗಾಳ ಐದು, ಗುಪ್ಪೆ ನಾಲ್ಕೇ. ತಿಂಗಳುಗಟ್ಟಲೆ ನೋಡಿ ನೋಡಿ ಒಂದು ದಿನ ಕೇಳಿಯೇ ಬಿಟ್ಟೆ: "ಕಾಪಣ್ಣ, ನನ್ನ ಪಾಲು ಎಲ್ಲಿ?"

ಕಾಪು ನಕ್ಕ. "ನೀವಿಬ್ರು ಒಂದೇ ಮನೆ ಅಲ್ವಾ ತಂಗಿ? ಒಂದು ಮನೆಗೆ ಎರಡು ಪಾಲು ಯಾಕೆ?"

"ನಮ್ಮೂರಲ್ಲಿ ಬೇಟೆನಾಯಿಗೂ ಒಂದು ಪಾಲು ಇತ್ತು ಅಣ್ಣ" ಎಂದೆ.

ಸುರತ್ಕಲ್ ಕಿಸಕ್ಕೆಂದ, ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಕಾರಿನಲ್ಲಿ ಕೂತ ಮೇಲೆ ಮಾತ್ರ ಮುಖ ಗಂಟಿಕ್ಕಿದರು. "ಎಲ್ಲರೆದುರು ಮರ್ಯಾದೆ ತೆಗೆದಿಯಲ್ಲ! ಮೀನು ಹೋಗುವುದು ನಮ್ಮ ಫ್ರಿಜ್ಜಿಗೇ ಅಲ್ವಾ?" ಮೀನು ಯಾರಿಗೆ ಬೇಕಿತ್ತು? ಮವಾಲೇಹ್ ಮಾರ್ಕೆಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಆ ಬೆನ್ನು ತಿರುಗಿಸಿದ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ನನ್ನನ್ನು ಕೂಗಬೇಕಿತ್ತು. ಇದನ್ನು ಗಂಡನಿಗೆ ಬಿಡಿಸಿ ಹೇಳಿದೆ. ಅವರು ಎಫ್‌ಎಂ ಹಾಕಿದರು.

ಕಳೆದ ಚಳಿಗಾಲದಲ್ಲಿ ಗಂಡ ಸೊಂಟ ಹಿಡಿದು ಮಲಗಿಬಿಟ್ಟರು. ಶುಕ್ರವಾರ ನಾನೊಬ್ಬಳೇ ಕಾರು ಓಡಿಸಿಕೊಂಡು ಹೋದೆ. ಹೇಳಿಬಿಡುತ್ತೇನೆ, ಗಂಡನಿಗೆ ಸೊಂಟನೋವು ಬಂದದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಇವತ್ತು ನಾಲ್ಕೇ ಗಾಳ, ನಾಲ್ಕೇ ಗುಪ್ಪೆ. ಇವತ್ತಾದರೂ ನನ್ನನ್ನು ಕೂಗದೆ ಇನ್ನೇನು ಮಾಡುತ್ತಾರೆ ಎಂಬ ಲೆಕ್ಕ ನನ್ನದು.

ಆ ದಿನ ಕಡಲು ನನ್ನ ಕಡೆಗೇ ಇತ್ತು. ಸುರತ್ಕಲ್‌ಗೆ ಒಂದೂ ಬೀಳಲಿಲ್ಲ, ಉಳಿದಿಬ್ಬರಿಗೆ ಚಿಲ್ಲರೆ ಮೀನು. ನನಗೆ ಒಂದರ ಹಿಂದೆ ಒಂದು. ಕೊನೆಗೆ ಒಂದು ಹಮೂರ್, ನಾವು ಮುರುಮೀನು ಅನ್ನುವುದು, ಬಂಡೆಯ ಸಂದಿಗೆ ನುಗ್ಗಿ ಕೂತಿತು. ಕಾಲು ಗಂಟೆ ಅದರ ಜೊತೆ ಗುದ್ದಾಡಿ ಮೇಲೆತ್ತಿದೆ. ಗಾಳ ಬಿಡಿಸುವಾಗ ಹೆಬ್ಬೆರಳು ಸೀಳಿ ರಕ್ತ ಸುರಿಯಿತು. ಕಾಪು ಆ ಹಮೂರನ್ನು ತುಂಡು ಮಾಡಿ ಎಲ್ಲ ಗುಪ್ಪೆಗೂ ಹಂಚಿದ, ಕೈ ತೊಳೆದು ಬೆನ್ನು ತಿರುಗಿಸಿದ.

"ಇದು ಯಾರಿಗೆ?" ಪಡುಬಿದ್ರಿ ಕೇಳಿದ.

"ಸುರತ್ಕಲ್‌ಗೆ."

"ಇದು?"

"ಮೂಲ್ಕಿಗೆ."

"ಮೂಲ್ಕಿ ಬರ್ಲಿಲ್ಲ ಕಾಪಣ್ಣ" ಎಂದೆ. "ಬಂದದ್ದು ನಾನು. ನನ್ನ ಊರು ಕಾರ್ಕಳ."

ಅವನು ತಿರುಗಿಯೂ ನೋಡಲಿಲ್ಲ. "ಗೊತ್ತುಂಟು ತಂಗಿ. ಅವನಿಗೆ ತಕೊಂಡು ಹೋಗಿ ಕೊಡು. ಮಲಗಿದಲ್ಲೇ ಇದ್ದಾನೆ, ಪಾಪ."

ಆ ಮೀನನ್ನು ಕಡಲಿಗೇ ಎಸೆಯಬೇಕಿತ್ತು. ಎಸೆಯಲಿಲ್ಲ. ಚೀಲಕ್ಕೆ ತುಂಬಿ, ಕಾರಿನಲ್ಲಿಟ್ಟು, ದಾರಿಯುದ್ದಕ್ಕೂ ಒಬ್ಬಳೇ ಬೈದುಕೊಂಡು ಮನೆಗೆ ಬಂದೆ.

ಗಂಡ ಸೋಫಾದಲ್ಲಿ ದಿಂಬಿಗೆ ಒರಗಿದ್ದರು. ಚೀಲ ಬಿಚ್ಚಿ ತೋರಿಸಿದೆ. ಹಮೂರಿನ ತುಂಡು ನೋಡಿ ಅವರ ಮುಖ ಅರಳಿತು. ಕಾಪುವಿನ ಮೆಸೇಜು ಅಷ್ಟರಲ್ಲೇ ಬಂದಿತ್ತಂತೆ, ನಿನ್ನ ಪಾಲು ಕಳಿಸಿದ್ದೇನೆ ಎಂದು.

"ಎಂಥ ಜನ ನೋಡು ಮಾರಾಯ್ತಿ! ನಾನು ಹೋಗದಿದ್ರೂ ನನ್ನ ಪಾಲು ಮರೀಲಿಲ್ಲ."

"ಹಿಡಿದದ್ದು ಯಾರು ಅಂತ ನೀವು ಕೇಳ್ಲೇ ಇಲ್ಲ" ಎಂದೆ.

"ಯಾರು ಹಿಡಿದ್ರೆ ಎಂತ? ಎಲ್ಲ ನಾವು ನಾವೇ ಅಲ್ವಾ" ಎಂದವರು, ಕಾಪುವಿಗೆ ಥ್ಯಾಂಕ್ಸ್ ಹೇಳಲು ಫೋನ್ ಎತ್ತಿಕೊಂಡರು.