ಹಿಂದಿನ ಬ್ರೇಕಿನ ಕಡ್ಡಿ

ಮೆಕ್ಯಾನಿಕ್ ಹೇಳಿದ ಒಂದು ಮಾತನ್ನು ನಾನು ತಮ್ಮನಿಗೆ ಮುಟ್ಟಿಸಲಿಲ್ಲ. ಅದರಿಂದಾಗಿ ಅವನು ಐದು ತಿಂಗಳು ತನ್ನ ಕಾಲನ್ನು ತಾನೇ ನಂಬದೆ ಬದುಕಿದ.

ನಮ್ಮದು ಡೀಸೆಲ್ ಪಿಕಪ್. ಓಡಿಸುವುದು ತಮ್ಮ, ಬಾಡಿಗೆ ಗೊತ್ತುಮಾಡುವುದು ನಾನು. ಬಿಳಿಗಿರಿರಂಗನ ಬೆಟ್ಟದಿಂದ ಕಾಫಿ ಮೂಟೆ ತುಂಬಿಕೊಂಡು ಯಳಂದೂರಿಗೆ ಇಳಿದಾಗ ಗಾಡಿಯ ಹಿಂಭಾಗ ನೆಲಕ್ಕೆ ಕುಕ್ಕರಿಸಿದಂತೆ ಕಾಣುತ್ತಿತ್ತು. "ಗಬ್ಬದೆಮ್ಮೆ ಬಂತು, ದಾರಿ ಬುಡ್ರಪ್ಪೋ" ಎಂದು ಸ್ಟ್ಯಾಂಡಿನವರು ನಗುತ್ತಿದ್ದರು. ತಮ್ಮನೂ ಜೊತೆಗೆ ನಗುತ್ತಿದ್ದ. ನನಗೇ ಆ ನಗು ಸಹಿಸಲಾಗಲಿಲ್ಲ. ಕೊಳ್ಳೇಗಾಲದ ಗ್ಯಾರೇಜಿನಲ್ಲಿ ಗಾಡಿ ಕುಸಿಯದಿರಲೆಂದು ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಹೆಚ್ಚಿಗೆ ಹಾಕಿಸಿದೆ.

ತಮ್ಮ ಟೀ ಕುಡಿಯಲು ಹೋಗಿದ್ದಾಗ ಮೆಕ್ಯಾನಿಕ್ ಗಾಡಿಯಡಿಯಿಂದ ತಲೆ ಹೊರಹಾಕಿದ.

"ಅಕ್ಕ, ಇಲ್ಲೊಂದು ಕಡ್ಡಿ ಅದೆ ನೋಡಿ. ಲೋಡಿಗೆ ಹಿಂದ್ಗಡೆ ಕುಂತಷ್ಟೂ ಇದು ಹಿಂದಿನ ಬ್ರೇಕ್ಗೆ ಜೋರು ಕೊಡ್ತದೆ. ಈಗ ಪ್ಲೇಟ್ ಆಕ್ಬುಟ್ವಿ, ಕೂರಕಿಲ್ಲ. ಗಾಡಿ ಖಾಲಿ ಅಂದ್ಕಂಡು ಹಿಂದಿನ ಬ್ರೇಕು ಸುಮ್ಕಾಯ್ತದೆ. ನಾಳೆ ತಕಂಡ್ ಬನ್ನಿ, ಸರಿ ಮಾಡ್ಕೊಡ್ತೀನಿ. ಅಲ್ಲೀಗಂಟ ಬೆಟ್ಟಕ್ಕೆ ಬುಡ್ಬೇಡಿ."

ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅರ್ಧ ತಿಳಿಯಲಿಲ್ಲ, ಮತ್ತೆ ಕೇಳಲು ನಾಚಿಕೆಯಾಯಿತು. ಇನ್ನೊಂದು ಸಲ ಕರೆಸಿಕೊಳ್ಳಲು ಹೀಗನ್ನುತ್ತಾರೆ ಅಂದುಕೊಂಡು ತಲೆಯಾಡಿಸಿದೆ. ಮಾರನೆಯ ದಿನವೇ ಬೆಟ್ಟದ ಬಾಡಿಗೆ ಬಂತು. ಕಳಿಸಿದೆ.

ಇಳಿಜಾರಿನಲ್ಲಿ ಮುಂದಿನ ಚಕ್ರಗಳಿಂದ ಹೊಗೆ ಎದ್ದು ಬ್ರೇಕು ಸತ್ತೇಹೋಯಿತಂತೆ. ತಮ್ಮ ಗೇರು ಇಳಿಸಿ, ಗಾಡಿಯನ್ನು ಬೆಟ್ಟದ ಮಗ್ಗುಲಿನ ಮಣ್ಣಿಗೆ ಒರಗಿಸಿ ನಿಲ್ಲಿಸಿದ್ದ. ಮೈಗೆ ಪೆಟ್ಟಾಗಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಂದ:

"ಬ್ರೇಕ್ ಮ್ಯಾಲೆ ಕಾಲಿಟ್ಕಂಡೇ ಇಳ್ಸ್ಬುಟ್ಟೆ ಅಂತ ಕಾಣ್ತದೆ ಕಣಕ್ಕ. ನಂದೇ ತೆಪ್ಪು."

ಮೆಕ್ಯಾನಿಕ್ಕಿನ ಮಾತು ಆಗ ನನಗೆ ಪೂರ್ತಿ ತಿಳಿಯಿತು: ಹಿಂದಿನ ಬ್ರೇಕು ಹಿಡಿಯದೆ ಮುಂದಿನದೊಂದೇ ಕಾದು ಸತ್ತಿತ್ತು. ಆದರೂ ಅವನ ತಟ್ಟೆಗೆ ಸಾರು ಬಡಿಸಿದೆ, ಅಷ್ಟೆ.

ಆಮೇಲೆ ಅವನು ಬೆಟ್ಟದ ದಾರಿ ಹಿಡಿಯಲಿಲ್ಲ. ಹನೂರಿನಿಂದ ಜೋಳ, ಕೊಳ್ಳೇಗಾಲಕ್ಕೆ ರೇಷ್ಮೆಗೂಡು, ಹೀಗೆ ಕೆಳಗೇ ಓಡಿಸಿದ. ಸಣ್ಣ ಇಳಿಜಾರಿಗೂ ಅವನ ಹಣೆ ಬೆವರುತ್ತಿತ್ತು. ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಗಾಡಿಯ ಬೀಗದ ಕೈಯನ್ನು ನನ್ನ ಮುಂದಿಟ್ಟ.

"ಬೇರೆ ಡ್ರೈವರ್ನ ನೋಡ್ಕಳಕ್ಕ. ನಾನು ಗಾರೆ ಕೆಲ್ಸಕ್ಕೆ ಓಯ್ತೀನಿ."

ಹದಿನೆಂಟಕ್ಕೇ ಸ್ಟೀರಿಂಗ್ ಹಿಡಿದವನು! ಅವತ್ತೇ ಪಕ್ಕದ ಮನೆಯವರ ಕೈಲಿ ಗಾಡಿ ಹೊಡೆಸಿಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಹೆಚ್ಚಿಗೆ ಹಾಕಿದ್ದ ಪ್ಲೇಟು ಬಿಚ್ಚಿ, ಕಡ್ಡಿಯನ್ನು ಅಳತೆಗೆ ಕೂರಿಸಿ, ಮುಂದಿನ ಬ್ರೇಕಿಗೆ ಹೊಸ ಪ್ಯಾಡು ಹಾಕಿದ. "ಲೋಡು ಕಮ್ಮಿ ಮಾಡಿ. ಬೆಟ್ಟ ಅತ್ತಿದ ಗೇರಲ್ಲೇ ಇಳೀಬೇಕು" ಎಂದ.

ಮನೆಗೆ ಬಂದು ತಮ್ಮನಿಗೆ ಹೇಳಿದೆ: "ಬ್ರೇಕ್ ಸರಿ ಮಾಡ್ಸಿವ್ನಿ. ಇದೊಂದ್ಸಲ ಬೆಟ್ಟದಿಂದ ಇಳ್ಸಪ್ಪ. ನಾನೂ ಪಕ್ಕದಲ್ಲಿ ಕೂತ್ಕತೀನಿ."

"ನಿಂಗೇನಾರ ಆದ್ರೆ ಮನೇಲಿ ಮುದ್ದೆ ತೊಳಸೋರ್ ಯಾರಕ್ಕ?" ಎಂದ. ಆದರೂ ಹೊರಟ.

ಬೆಟ್ಟದ ಮೇಲೆ ಮೂಟೆ ಕಡಿಮೆ ಹಾಕಿಸಿದೆವು. ಎರಡನೇ ಗೇರಿನಲ್ಲಿ ಇಂಜಿನ್ನು ಗೊರಗೊರ ಎನ್ನುತ್ತ ಗಾಡಿಯನ್ನು ಹಿಡಿದಿತ್ತು. ತಿರುವು ಬಂದಾಗ ಅವನು ಬ್ರೇಕನ್ನು ಒಮ್ಮೆ ಒತ್ತಿ ಬಿಟ್ಟ. ನಾಲ್ಕು ಚಕ್ರವೂ ಒಟ್ಟಿಗೆ ಹಿಡಿದವು. ಕೆಳಗೆ ಬಂದು ಪಕ್ಕಕ್ಕೆ ನಿಲ್ಲಿಸಿ, ಚಕ್ರದ ಹತ್ತಿರ ಮೂಗಿಟ್ಟು ನೋಡಿದ. ಸುಟ್ಟ ವಾಸನೆ ಇರಲಿಲ್ಲ.

"ಅಂಗಾರೆ ಅವತ್ತು ತೆಪ್ಪು ನನ್ ಕಾಲಿಂದಲ್ವಾ ಅಕ್ಕ?"

"ನಿಂದಲ್ಲ ಕಣಪ್ಪ. ಗ್ಯಾರೇಜ್ನೋರು ಬೆಟ್ಟಕ್ಕೆ ಬುಡ್ಬೇಡಿ ಅಂತ ನಂಗೆ ಯೋಳಿದ್ರು, ನಾನು ನಿಂಗೆ ಯೋಳ್ನಿಲ್ಲ. ನೀನು ನಿನ್ನೇ ಬೈಕತಿದ್ರೂ ಸುಮ್ಕಿದ್ದೆ. ತೆಪ್ಪಾಯ್ತು, ನನ್ನ ಕ್ಷಮಿಸ್ಬುಡಪ್ಪ."