ಜೀಪಿನಲ್ಲಿ ಕೂತ ತರಗತಿ

ಆಶಾ ಮಗ್ಗೆ ಊರಿನ ತಮ್ಮ ಮನೆಯಲ್ಲೇ ಕೂತು ದಿನಾ ಬೆಳಿಗ್ಗೆ ಆನ್‌ಲೈನಿನಲ್ಲಿ ಅಕೌಂಟ್ಸ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಕಾಲೇಜಿನ ಹೆಸರು ಹೇಳಲಾರೆ, ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ. ಹುಡುಗರು ಸಾಲುಸಾಲಾಗಿ ಫೇಲಾದಾಗ ಪ್ರಾಂಶುಪಾಲ ಶಾಂತಮಲ್ಲಪ್ಪನವರಿಗೆ ಹೊಳೆದ ಮದ್ದು ಒಂದೇ, ಹಾಜರಿ. ಗೈರಾದವರಿಗೆಲ್ಲ ಆಶಾ ಫೋನ್ ಮಾಡಿ ಕಾರಣ ಕೇಳಬೇಕು. ಪಾಠಕ್ಕೆ ತಯಾರಾಗುವ ಹೊತ್ತೆಲ್ಲ ಅದಕ್ಕೇ ಹೋಯಿತು.

ಹಾಜರಿಯೇನೋ ಪೂರ್ತಿಯಾಯಿತು. ಆದರೆ ಪ್ರಶ್ನೆ ಕೇಳಿದರೆ ಒಬ್ಬರೂ ಉಸಿರೆತ್ತುತ್ತಿರಲಿಲ್ಲ. ವನಗೂರಿನ ನಯನಾ ಆಗಲೇ ಎರಡು ಸಲ ಫೇಲು. ಈ ಸಲವೂ ಹೋದರೆ ಓದು ಬಿಡಿಸುತ್ತೇವೆಂದು ಮನೆಯವರು ಹೇಳಿಬಿಟ್ಟಿದ್ದರು. ಅವಳನ್ನು ಕಂಡೇ ಬರೋಣವೆಂದು ಆಶಾ ಬಸ್ಸು ಹತ್ತಿದರು. ತರಗತಿಯ ಹೊತ್ತಾಯಿತೆಂದು ದಾರಿಯಲ್ಲಿ ಸಿಗ್ನಲ್ ಸಿಗುವ ದಿಣ್ಣೆಯ ಮೇಲೆ ಇಳಿದು, ಫೋನ್ ಹಿಡಿದು “ನಮಸ್ಕಾರ ಮಕ್ಕಳೇ” ಎಂದರು. ಪಕ್ಕದಲ್ಲಿ ನಿಂತಿದ್ದ ಜೀಪಿನೊಳಗಿಂದ ಅವರದೇ ದನಿ ಕೇಳಿಸಿತು. ಇಣುಕಿದರೆ ಹಿಂದಿನ ಸೀಟಿನ ತುಂಬ ಫೋನುಗಳು.

“ಮಕ್ಳೆಲ್ಲಾ ಕಾಫಿ ಕುಯ್ಲಿಗೆ ಹೋಗವ್ರೆ ಮೇಡಂ,” ಎಂದ ಡ್ರೈವರ್ ನಯಾಜ್. “ತೋಟದಲ್ಲೂ ಇಲ್ಲ, ಕೂಲಿಯವ್ರ ಲೈನ್ ಮನೆಗಳಲ್ಲೂ ಸಿಗ್ನಲ್ ಇಲ್ಲ. ಕ್ಲಾಸಿಗೆ ಬರ್ದಿದ್ರೆ ನೀವು ಬಯ್ತೀರ. ಅದ್ಕೇ ಫೋನ್ ನನ್ ಕೈಗೆ ಕೊಟ್ಬುಡ್ತಾರೆ. ಹಾಜರಿ ಬಿತ್ತಲ್ಲ, ಬಿಡಿ.”

ಇಷ್ಟು ದಿನ ಗಂಟಲು ಹರಿದುಕೊಂಡದ್ದು ಸೀಟಿಗೆ!

“ಈ ಲೈವ್ ಕ್ಲಾಸು, ಫೋನ್ ಮಾಡೋದು ಎರಡೂ ನಿಲ್ಸಿ ಸರ್,” ಎಂದು ಮರುದಿನ ಪ್ರಾಂಶುಪಾಲರಿಗೆ ಹೇಳಿದರು. “ಪಾಠನ ರೆಕಾರ್ಡ್ ಮಾಡಿ ಕಳಿಸ್ತೀನಿ, ಕೆಲಸ ಮುಗಿಸಿ ನೋಡ್ಕೊತಾರೆ. ಉಳಿದ ಹೊತ್ತಲ್ಲಿ ವಾರಕ್ಕೊಂದ್ಸಲ ವನಗೂರಿಗೇ ಹೋಗಿ ಡೌಟ್ ಬಿಡಿಸ್ತೀನಿ.”

“ಹಾಜರಿ ನೂರಕ್ಕೆ ನೂರು ಐತೆ ಕಣಮ್ಮ, ಯಾಕೆ ಕೆಡಿಸ್ತೀಯ? ವನಗೂರಿಗೆ ಹೋಗೋದಾದ್ರೆ ಇದ್ರ ಜೊತೆಗೆ ಅದನ್ನೂ ಮಾಡು.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಇವರಿಗೆ ತಿಳಿಹೇಳುವುದಕ್ಕಿಂತ ಮೋಸ ಮಾಡುವುದೇ ಸುಲಭ.

ಸಂತೆಯ ದಿನ ಎಸ್ಟೇಟಿಗೆ ರಜೆ. ವಾರವಾರ ಅಂದು ಆಶಾ ರೆಕಾರ್ಡ್ ಮಾಡಿದ ಪಾಠವನ್ನೇ ಲ್ಯಾಪ್‌ಟಾಪಿನಲ್ಲಿ ಲೈವ್ ಹಾಕಿ, ಬಾಗಿಲೆಳೆದುಕೊಂಡು ಹೊರಡತೊಡಗಿದರು. ಮಗ್ಗೆಯಲ್ಲಿ ಲ್ಯಾಪ್‌ಟಾಪು ಒದರುತ್ತಿತ್ತು, ದಿಣ್ಣೆಯಲ್ಲಿ ಫೋನುಗಳು ಕೇಳುತ್ತಿದ್ದವು. ಅದೇ ಹೊತ್ತಿಗೆ ವನಗೂರಿನ ಜಗುಲಿಯೊಂದರಲ್ಲಿ ನಯನಾ ಉಳಿದ ಮಕ್ಕಳ ಜೊತೆ ಆಶಾರ ಎದುರು ಕೂತು, ತಪ್ಪಿದ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದಳು.

ನಯನಾ ಪಾಸಾದಳು, ಉಳಿದವರೂ ಬಹುಪಾಲು ಪಾಸಾದರು. ಪೂರ್ಣ ಹಾಜರಿಗೆಂದು ಆಡಳಿತ ಮಂಡಳಿ ಶಾಂತಮಲ್ಲಪ್ಪನವರಿಗೆ ಶಾಲು ಹೊದಿಸಿತು. ಅವರು ಮೈಕು ಹಿಡಿದರು.

“ಇದೆಲ್ಲ ಲೈವ್ ಕ್ಲಾಸಿನ ಮಹಿಮೆ. ಮುಂದಿನ ವರ್ಷದಿಂದ ಆಶಾ ಮೇಡಂ ದಿನಕ್ಕೆ ಎರಡು ಕ್ಲಾಸ್ ತಗೋತಾರೆ.”

ಸಭೆ ಚಪ್ಪಾಳೆ ತಟ್ಟಿತು. ಆಶಾ ಎದ್ದು ಹೊರಗೆ ಹೋಗಿ, ಉಗಿದು ಬಂದು ಕೂತರು.